ಕಾಲು ಮುರಿಯದೆಯೂ ಇಣುಕಬಹುದು

ನಾಯಿ ಕಳೆದುಹೋದರೆ ಬೀದಿಯ ಬಾಗಿಲುಗಳೆಲ್ಲ ಸೇರಿ ಹುಡುಕಿಕೊಡುತ್ತವಂತೆ. 2026ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಪಂದ್ಯದ ನಡುವೆ ಅಮೆಜಾನ್ ಒಡೆತನದ ರಿಂಗ್ ಕಂಪನಿ ತೋರಿಸಿದ ಆ ಜಾಹೀರಾತನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಒಂದು ಮನೆಯ ನಾಯಿ ಕಾಣೆ, ಊರಿನ ಕಾಲಿಂಗ್ ಬೆಲ್ ಕ್ಯಾಮೆರಾಗಳೆಲ್ಲ ಕಣ್ಣರಳಿಸಿ ಶೋಧಕ್ಕೆ ನಿಂತವು, ನಾಯಿ ಸಿಕ್ಕಿತು. ಎಂಥ ಮಾನವೀಯತೆ! ಆದರೆ ಕೃತಘ್ನ ಅಮೆರಿಕನ್ನರು ಕಣ್ಣೊರೆಸಿಕೊಳ್ಳುವುದು ಬಿಟ್ಟು ಬೆಚ್ಚಿಬಿದ್ದರು. ನಾಯಿಯನ್ನು ಗುರುತು ಹಿಡಿಯುವ ಯಂತ್ರಕ್ಕೆ ನಾಯಿಯ ಸರಪಳಿ ಹಿಡಿದವನ ಗುರುತು ಹಿಡಿಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಗದ್ದಲವೆದ್ದು ನಾಲ್ಕಾರು ದಿನಗಳಲ್ಲೇ, ಗಾಡಿಗಳ ನಂಬರ್ ಪ್ಲೇಟ್ ಓದಿ ಪೊಲೀಸರಿಗೆ ಕೊಡುವ ಫ್ಲಾಕ್ ಕಂಪನಿಯ ಜತೆಗಿನ ಒಪ್ಪಂದವನ್ನು ರಿಂಗ್ ಕೈಬಿಟ್ಟಿತು. ಜನರ ಸಿಟ್ಟಿಗೆ ಹೆದರಿ ಅಲ್ಲವಂತೆ. ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಮಯ, ಸಂಪನ್ಮೂಲ ಬೇಕಾಗುತ್ತದೆ ಅಂತ. ಸರಿ, ನಂಬಿದೆವು.

ನಾಯಿ ಎಂದಕೂಡಲೇ ನನಗೆ ಹಿಚ್‌ಕಾಕ್‌ನ 'ರಿಯರ್ ವಿಂಡೋ' ನೆನಪಾಯಿತು. 1954ರ ಸಿನಿಮಾ, ಕತೆ ಬಾಯಿಬಿಟ್ಟೆನೆಂದು ಯಾರೂ ಜಗಳಕ್ಕೆ ಬರಬೇಡಿ. ಅಲ್ಲೂ ಒಂದು ನಾಯಿಯಿದೆ. ಮೇಲಿನ ಮಹಡಿಯ ದಂಪತಿ ಅದನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಅಂಗಳಕ್ಕೆ ಇಳಿಸುತ್ತಾರೆ. ಅದು ಹೂವಿನ ಪಾತಿ ಕೆರೆಯಲು ಹೋಗುತ್ತದೆ, ಕತ್ತು ಮುರಿದು ಬೀಳುತ್ತದೆ. ಅದರ ಯಜಮಾನಿ ಬಾಲ್ಕನಿಯಲ್ಲಿ ನಿಂತು ಇಡೀ ವಠಾರಕ್ಕೆ ಕೇಳುವಂತೆ ಅಳುತ್ತಾಳೆ: ನೀವೆಲ್ಲ ನೆರೆಹೊರೆಯವರಾ, ಯಾರು ಬದುಕಿದರು ಯಾರು ಸತ್ತರು ಅಂತ ನಿಮಗೆ ಬೇಕಾ? ಒಬ್ಬನನ್ನು ಬಿಟ್ಟು ಎಲ್ಲರೂ ಕಿಟಕಿಗೆ ಬರುತ್ತಾರೆ, ನೋಡುತ್ತಾರೆ, ಒಳಗೆ ಹೋಗುತ್ತಾರೆ. ಆಗ ಕ್ಯಾಮೆರಾ ಇದ್ದದ್ದು ಒಂದೇ ಮನೆಯಲ್ಲಿ.

ಆ ಮನೆಯವನು ಫೋಟೋಗ್ರಾಫರ್ ಜೆಫ್ರೀಸ್. ಅವನ ಕಷ್ಟ ನೋಡಿದರೆ ಈಗ ಅಯ್ಯೋ ಅನಿಸುತ್ತದೆ. ಪಕ್ಕದ ಮನೆಯನ್ನು ಇಣುಕಲು ಬಡಪಾಯಿ ಕಾಲು ಮುರಿದುಕೊಳ್ಳಬೇಕಾಯಿತು. ನ್ಯೂಯಾರ್ಕಿನ ಧಗೆಯಲ್ಲಿ ತೊಡೆಯವರೆಗೂ ಪ್ಲಾಸ್ಟರು, ಒಳಗೆ ತುರಿಕೆ, ಕೆರೆಯಲು ಉದ್ದನೆಯ ಕಡ್ಡಿ. ಮೊದಲು ಬರಿಗಣ್ಣು, ಆಮೇಲೆ ದುರ್ಬೀನು, ಆಮೇಲೆ ಮಾರುದ್ದದ ಲೆನ್ಸು. ಸಾಲದ್ದಕ್ಕೆ ಇನ್ಶೂರೆನ್ಸ್ ಕಂಪನಿಯ ನರ್ಸ್ ಸ್ಟೆಲ್ಲಾಳಿಂದ ಮಂಗಳಾರತಿ. ಇಣುಕಿದರೆ ಆರು ತಿಂಗಳು ಸಜೆ, ಅಲ್ಲಿ ಕಿಟಕಿಯೇ ಇರೋದಿಲ್ಲ ಅನ್ನುತ್ತಾಳೆ. ಪೊಲೀಸ್ ಗೆಳೆಯನನ್ನು ಕರೆದರೆ ಅವನು ವಾರಂಟು, ಸಂವಿಧಾನ ಅಂತ ರಾಗ ಎಳೆಯುತ್ತಾನೆ. 2022ರ ಹೊತ್ತಿಗೆ ಇಂಥ ಕಿರಿಕಿರಿ ತಪ್ಪಿತ್ತು. ಆ ವರ್ಷದ ಜುಲೈವರೆಗೆ 11 ಸಲ ಮನೆಯವರನ್ನೂ ಕೇಳದೆ ಪೊಲೀಸರಿಗೆ ರಿಂಗ್ ವಿಡಿಯೊ ಕೊಟ್ಟಿದ್ದಾಗಿ ಅಮೆಜಾನೇ ಒಬ್ಬ ಸೆನೆಟರ್‌ಗೆ ಬರೆದು ತಿಳಿಸಿತು. ತುರ್ತು ಪರಿಸ್ಥಿತಿಯಂತೆ.

ನಮ್ಮವರ ಸುದ್ದಿಗೂ ಬರೋಣ. ಮಗ ಕ್ಯಾಲಿಫೋರ್ನಿಯಾದಲ್ಲಿ, ಅಪ್ಪ-ಅಮ್ಮ ಮೈಸೂರಲ್ಲಿ. ಮಗ ಬಂದು ಹೋಗುವಾಗ ಹಾಲಿಗೊಂದು, ಬಾಗಿಲಿಗೊಂದು ಕ್ಯಾಮೆರಾ ಜಡಿದು ಹೋಗಿರುತ್ತಾನೆ. ಅಲ್ಲಿಂದ ಫೋನು: 'ಅಮ್ಮಾ, ಆ ಹೊಸ ಕೆಲಸದವಳು ಯಾರು? ಅಪ್ಪ ಯಾಕೆ ಇನ್ನೂ ಎದ್ದಿಲ್ಲ?' ಇಂಥ ಒಬ್ಬ ತಾಯಿ ಮಧ್ಯಾಹ್ನ ಮಲಗುವ ಮುಂಚೆ ಹಾಲಿನ ಕ್ಯಾಮೆರಾದ ಮೇಲೆ ಒದ್ದೆ ಟವೆಲ್ ಹರವುತ್ತಾರೆ. ಮಗ ಕೇಳಿದರೆ ಒಣಗಲಿ ಅಂತ ಹಾಕಿದ್ದು ಅನ್ನುತ್ತಾರೆ. ಪ್ರೀತಿಯಿಂದಲೇ ಹಾಕಿಸಿದ ಕ್ಯಾಮೆರಾ, ಇಲ್ಲವೆನ್ನುವುದಿಲ್ಲ. ಟವೆಲ್ ಕೂಡ ಪ್ರೀತಿಯದೇ.

ಹಿಂದೆ ಊರಲ್ಲಿ ಜಗಲಿಯ ಮೇಲೆ ಕೂತ ಅಜ್ಜಿಯೂ ಇದೇ ಕೆಲಸ ಮಾಡುತ್ತಿದ್ದಳು. ಯಾರು ಹೋದರು, ಯಾರ ಜತೆ ಹೋದರು, ಕೈಚೀಲದಲ್ಲಿ ಏನಿತ್ತು, ಎಲ್ಲ ದಾಖಲೆ. ಆದರೆ ಅವಳು ನೋಡುತ್ತಿರುವುದು ನಿಮಗೂ ಕಾಣುತ್ತಿತ್ತು. ನಿಮಗೆಷ್ಟು ಉಸಾಬರಿ ಅಂತ ಮುಖದ ಮೇಲೆ ಅನ್ನಬಹುದಿತ್ತು, ಅವಳು ಅದಕ್ಕೆ ಎರಡು ಪಟ್ಟು ಅನ್ನುತ್ತಿದ್ದಳು.

ರಿಂಗ್‌ಗೆ ಯಾರು ಏನು ಅನ್ನುವುದು? ಅಮೆರಿಕದ ವ್ಯಾಪಾರ ಆಯೋಗ ಅಂದಿದೆ. 2023ರಲ್ಲಿ ಅದು ಹೂಡಿದ ದೂರು ಓದಿದರೆ ತಮಾಷೆ ಮಾಡುವ ಮನಸ್ಸು ಹೋಗುತ್ತದೆ. 2017ರಲ್ಲಿ ಕಂಪನಿಯ ಒಬ್ಬ ನೌಕರ ತಿಂಗಳುಗಟ್ಟಲೆ ಕೂತು ಕನಿಷ್ಠ 81 ಹೆಂಗಸರ ಸಾವಿರಾರು ವಿಡಿಯೊ ನೋಡಿದ್ದ. ಮಲಗುವ ಕೋಣೆ, ಬಚ್ಚಲು ಎಂದು ಹೆಸರಿಟ್ಟ ಕ್ಯಾಮೆರಾಗಳನ್ನೇ ಹುಡುಕಿ ನೋಡಿದ್ದ. ಸಹೋದ್ಯೋಗಿ ಹೆಣ್ಣುಮಗಳೊಬ್ಬಳು ಮೇಲಧಿಕಾರಿಗೆ ಹೇಳಿದರೆ, ಎಂಜಿನಿಯರುಗಳು ಅಷ್ಟೆಲ್ಲ ನೋಡುವುದು ಮಾಮೂಲಿ ಎಂಬ ಉತ್ತರ ಬಂತು. ಅವನು ನೋಡಿದ್ದೆಲ್ಲ ಚೆಂದದ ಹುಡುಗಿಯರನ್ನೇ ಅಂತ ಗೊತ್ತಾದ ಮೇಲಷ್ಟೇ ಅಧಿಕಾರಿಗೆ ಏನೋ ಎಡವಟ್ಟಾಗಿದೆ ಅನಿಸಿತು. 58 ಲಕ್ಷ ಡಾಲರಿಗೆ ರಾಜಿಯಾಯಿತು. ಕಳ್ಳ ಬರದಿರಲಿ ಅಂತ ದುಡ್ಡು ಕೊಟ್ಟು ಹಾಕಿಸಿಕೊಂಡ ಕ್ಯಾಮೆರಾ ಅದು. ಇದಕ್ಕೆ ಯಾವ ವ್ಯಂಗ್ಯ ಬರೆಯಲಿ? ನಾಚಿಕೆ ಅನ್ನುವುದಾದರೂ ಬೇಡವೇ? ಈ ದೂರಿನ ಹಿಂದಿನ ವರ್ಷ, 2022ರಲ್ಲಿ, ಇದೇ ಬೆಲ್ಲುಗಳಲ್ಲಿ ಸಿಕ್ಕ ತುಣುಕುಗಳನ್ನು ಪೋಣಿಸಿ 'ರಿಂಗ್ ನೇಷನ್' ಅಂತ ಟಿವಿ ಶೋ ಬೇರೆ ಮಾಡಿದ್ದರು. ಹಾಸ್ಯ ಕಾರ್ಯಕ್ರಮ. ತಯಾರಿಸಿದ್ದೂ ಅಮೆಜಾನ್ ಕೊಂಡ ಸ್ಟುಡಿಯೋ.

ಹಿಚ್‌ಕಾಕ್ ಪ್ಯಾರಾಮೌಂಟ್ ಸ್ಟುಡಿಯೋದೊಳಗೇ ಇಡೀ ವಠಾರ ಕಟ್ಟಿಸಿದ್ದ. ತಾನು ಜೆಫ್ರೀಸನ ಕೋಣೆಯಲ್ಲಿ ಕೂತು, ಎದುರು ಕಟ್ಟಡದ ನಟರ ಕಿವಿಯಲ್ಲಿ ಬಚ್ಚಿಟ್ಟ ಪುಟ್ಟ ರೇಡಿಯೊದ ಮೂಲಕ ಹೀಗೆ ತಿರುಗು, ಹಾಗೆ ಕೂರು ಅನ್ನುತ್ತಿದ್ದ. ಈಗ ಬೆಲ್ಲಿಗೆ ಸ್ಪೀಕರ್ ಬಂದಿರುವುದರಿಂದ ಮನೆಮನೆಯಲ್ಲೂ ನಿರ್ದೇಶಕರು. ಸೋಫಾದಲ್ಲಿ ಬಿದ್ದುಕೊಂಡೇ ಡೆಲಿವರಿ ಹುಡುಗನಿಗೆ ಕುಂಡದ ಹಿಂದೆ ಇಡು, ಗೇಟು ಹಾಕು ಅನ್ನಬಹುದು. ಇದು ಅಲ್ಲಿಗೇ ನಿಂತಿಲ್ಲ. ಅಮೆರಿಕದಲ್ಲಿ ಕೆಲವರು ಡೆಲಿವರಿ ಸೂಚನೆಯಲ್ಲಿ 'ಕ್ಯಾಮೆರಾ ಮುಂದೆ ಕುಣಿ' ಎಂದು ಬರೆದು, ಕುಣಿದದ್ದನ್ನು ಟಿಕ್‌ಟಾಕ್‌ಗೆ ಹಾಕುತ್ತಿದ್ದರು. ಬೆನ್ನಲ್ಲಿ ಬೆವರು, ಗಾಡಿಯಲ್ಲಿ ಇನ್ನೂ ರಾಶಿ ಪೊಟ್ಟಣ, ತಲೆಯಲ್ಲಿ ರೇಟಿಂಗಿನ ಭಯ. ಕುಣಿಯುತ್ತಾನೆ.

ಸಿನಿಮಾದಲ್ಲಿ ಹೆಂಡತಿಯನ್ನು ಕೊಂದ ಥೋರ್ವಾಲ್ಡ್ ಕೊನೆಗೆ ಜೆಫ್ರೀಸನ ಕೋಣೆಗೇ ಬಂದು ಕತ್ತಲಲ್ಲಿ ನಿಂತು ಕೇಳುತ್ತಾನೆ: ನಿನಗೆ ನನ್ನಿಂದ ಏನು ಬೇಕು? ಜೆಫ್ರೀಸ್ ಬಾಯಿ ಬಿಡುವುದಿಲ್ಲ. ಆಮೇಲೆ ಥೋರ್ವಾಲ್ಡ್ ಅವನನ್ನು ಅದೇ ಕಿಟಕಿಯಿಂದ ಕೆಳಗೆ ತಳ್ಳುತ್ತಾನೆ, ಇನ್ನೊಂದು ಕಾಲೂ ಮುರಿಯುತ್ತದೆ. ಕೊಲೆಗಾರನಿಗೆ ಅಷ್ಟಾದರೂ ಅವಕಾಶವಿತ್ತು. ಈ ಹುಡುಗ ತಂದಿದ್ದು ಶಾಂಪೂ ಬಾಟಲಿ. ಅವನು ಏನಾದರೂ ಕೇಳಬೇಕೆಂದರೆ ಬಾಗಿಲು ತೆರೆಯುವುದೇ ಇಲ್ಲ.