ತತ್ವಕ್ಕಾಗಿ ಪ್ರಾಣ ಬಿಡುವ ಸರ್ವರ್

ಇಂಟರ್ನೆಟ್‌ನಲ್ಲಿ ತತ್ವನಿಷ್ಠರು ಯಾರೂ ಉಳಿದಿಲ್ಲ ಅಂತ ಗೊಣಗುವವರು ಒಮ್ಮೆ ಬೈಂಡ್ ಕಡೆ ನೋಡಬೇಕು. 1980ರ ದಶಕದ ಆರಂಭದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರುಮಾಡಿದ ಡಿಎನ್‌ಎಸ್ ಸಾಫ್ಟ್‌ವೇರ್ ಇದು. ನೀವು ಬ್ಯಾಂಕಿನ ವೆಬ್‌ಸೈಟ್ ಹೆಸರು ಟೈಪ್ ಮಾಡಿದರೆ ಅದರ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದರ ನಂಬರು, ಹುಡುಕಿ ಕೊಡುವುದು ಇಂಥ ಸಾಫ್ಟ್‌ವೇರ್‌ನ ಕೆಲಸ. ಅದು ಕೈಕೊಟ್ಟರೆ ಬ್ಯಾಂಕಿನ ಸರ್ವರ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನಿಮ್ಮ ಪಾಲಿಗೆ ಇಲ್ಲದಂತೆಯೇ.

ತಪ್ಪು ಅರ್ಜಿ ಬಂದರೆ ಆಫೀಸಿನ ಗುಮಾಸ್ತ ಏನು ಮಾಡುತ್ತಾನೆ? ಕನ್ನಡಕದ ಮೇಲಿಂದ ಒಮ್ಮೆ ನೋಡಿ, ‘ಸರಿಮಾಡ್ಕೊಂಡು ನಾಳೆ ಬನ್ನಿ’ ಅಂತ ವಾಪಸ್ ತಳ್ಳುತ್ತಾನೆ. ಬೈಂಡ್ ಹಾಗಲ್ಲ. ‘ಇಂಥ ಅರ್ಜಿ ಇರಲು ಸಾಧ್ಯವೇ ಇಲ್ಲ’ ಎಂದು ಕುರ್ಚಿಯಲ್ಲೇ ಪ್ರಾಣ ಬಿಡುತ್ತದೆ. ಹಿಂದೆ ಕ್ಯೂನಲ್ಲಿ ನಿಂತ ಲಕ್ಷಾಂತರ ಜನರ ಗತಿ ಏನು ಅಂತ ಕೇಳಬೇಡಿ. ತತ್ವ ದೊಡ್ಡದೋ ಜನ ದೊಡ್ಡವರೋ?

ಇದಕ್ಕೆ ಅಸರ್ಷನ್ ಅಂತ ಹೆಸರು. ಒಳಗೆ ಲೆಕ್ಕ ತಪ್ಪಿದ್ದು ಗೊತ್ತಾದರೆ ಮುಂದೆ ಓಡಬಾರದು, ನಿಂತುಬಿಡಬೇಕು. ಹಾಗೆ ಎಡವುತ್ತಲೇ ಓಡಿದರೆ ಕಳ್ಳ ಒಳಗೆ ನುಗ್ಗಬಹುದು. ವಾದವೇನೋ ಸರಿಯೇ. ಆದರೆ ಲೆಕ್ಕ ಯಾವಾಗ ತಪ್ಪಬೇಕು ಎಂಬುದನ್ನು ಹೊರಗಿನವನು ತೀರ್ಮಾನಿಸುವ ಹಾಗಾದರೆ?

2015ರ ಜುಲೈನಲ್ಲಿ ಆಗಿದ್ದು ಅದೇ. ಗುಪ್ತ ಕೀಲಿ ಹೊಂದಿಸಿಕೊಳ್ಳಲು ಡಿಎನ್‌ಎಸ್ ಸರ್ವರ್‌ಗೆ ಕಳಿಸುವ ಟಿಕೀ ಎಂಬ ಅಪರೂಪದ ಪ್ರಶ್ನೆಯೊಂದಿದೆ. ಅದನ್ನು ಸ್ವಲ್ಪ ವಕ್ರವಾಗಿ ಕಟ್ಟಿ ಕಳಿಸಿದರೆ ಸಾಕು, ಒಂದೇ ಒಂದು ಪ್ಯಾಕೆಟ್‌ಗೆ, ಅಂದರೆ ಮಾಹಿತಿಯ ಒಂದು ಪುಟ್ಟ ಕಟ್ಟಿಗೆ, ಬೈಂಡ್ ಮಲಗಿಬಿಡುತ್ತಿತ್ತು. ಬೈಂಡ್ ಮೊದಲು ಆ ಪ್ಯಾಕೆಟ್‌ನ ಒಂದು ಕಡೆ ಹುಡುಕುತ್ತಿತ್ತು. ಬೇಕಾದ್ದು ಸಿಗದಿದ್ದರೆ ಇನ್ನೊಂದು ಕಡೆ. ನಡುವೆ ಹಳೆಯ ಪಾಯಿಂಟರನ್ನು, ಅಂದರೆ ಹಿಂದಿನ ಹುಡುಕಾಟದ ಗುರುತನ್ನು, ಖಾಲಿ ಮಾಡುವುದು ಮರೆತಿತ್ತು. ಎರಡನೇ ಕಡೆ ಕೂತಿದ್ದ ಅಸರ್ಷನ್, ‘ಖಾಲಿ ಇರಬೇಕಿತ್ತಲ್ಲ!’ ಅಂತ ಇಡೀ ಸರ್ವರನ್ನೇ ಬಲಿ ಕೊಟ್ಟಿತು. ಪರಿಹಾರ ಏನು ಗೊತ್ತಾ? ಆ ಪಾಯಿಂಟರ್ ಖಾಲಿ ಮಾಡುವ ಒಂದು ಸಾಲು ಕೋಡ್. ಈ ಒಂದು ಸಾಲು 9.1.0 ಆವೃತ್ತಿಯಿಂದಲೂ ಇರಲಿಲ್ಲ.

ಯಾರಿಗೆ ಉತ್ತರ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಪಟ್ಟಿ ಹಾಕಿಟ್ಟಿದ್ದವರಿಗೂ ಉಪಯೋಗ ಆಗಲಿಲ್ಲ. ಪಟ್ಟಿ ನೋಡುವುದಕ್ಕೂ ಮೊದಲೇ ಸಾವು ಬರುತ್ತಿತ್ತು. ‘ನಮ್ಮಲ್ಲಿ ಎರಡು ಸರ್ವರ್ ಇವೆ’ ಅಂತ ಮೀಸೆ ತಿರುವಿದವರ ಎರಡರಲ್ಲೂ ಅದೇ ಬೈಂಡ್. ಪಾಪ, ದಾಳಿಕೋರನಿಗೆ ಎರಡು ಪ್ಯಾಕೆಟ್ ಖರ್ಚು.

ಇಷ್ಟಾದರೂ ಸಮಾಧಾನದ ಮಾತಿಗೆ ಬರವಿಲ್ಲ. ‘ಗಾಬರಿ ಬೇಡ, ಇದು ಬರೀ ಡಿನೈಯಲ್ ಆಫ್ ಸರ್ವೀಸ್, ಸೇವೆ ನಿಲ್ಲಿಸುವ ದಾಳಿ ಅಷ್ಟೇ. ನಿಮ್ಮ ಮಾಹಿತಿ ಸುರಕ್ಷಿತ.’ ಹೌದು, ಭಾರಿ ಸುರಕ್ಷಿತ. ಕಳ್ಳನಿಗೂ ಸಿಗಲ್ಲ, ನಿಮಗೂ ಸಿಗಲ್ಲ.

ಇನ್ನು ಕೀಟ್ರ್ಯಾಪ್ ಎಂಬ ಇನ್ನೊಂದು ದೋಷದ ಕಥೆ ಕೇಳಿ. ಡಿಎನ್‌ಎಸ್ ಉತ್ತರ ನಕಲಿಯಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಡಿಎನ್‌ಎಸ್‌ಸೆಕ್ ಎಂಬ ಸಹಿ ವ್ಯವಸ್ಥೆ ತಂದರು. ಸಹಿ ಪರೀಕ್ಷಿಸಲು ಕೀಲಿ ಬೇಕು. ಒಂದೇ ಗುರುತಿನ ನಂಬರಿನ ಹಲವು ಕೀಲಿಗಳು ಬಂದರೆ? ಸರಿಹೊಂದುವುದು ಸಿಗುವವರೆಗೆ ಪ್ರತಿಯೊಂದು ಕೀಲಿಯನ್ನೂ ಪ್ರತಿಯೊಂದು ಸಹಿಗೂ ಹಾಕಿ ನೋಡು, ಎಂದಿತು ನಿಯಮ. ಎಷ್ಟು ಸಲ ಅಂತ ಮಾತ್ರ ಹೇಳಲಿಲ್ಲ. ಈ ಬೇಡಿಕೆಯ ಬೇರು 1999ರ ಮಾನದಂಡದಲ್ಲೇ ಇದೆ. ಹಾಗಾಗಿ ತಪ್ಪು ಬೈಂಡ್‌ನದೊಂದೇ ಅಲ್ಲ. ನಿಯಮ ಪಾಲಿಸಿದ ಅನ್‌ಬೌಂಡ್‌ನಂಥ ಇತರ ರಿಸಾಲ್ವರ್‌ಗಳೂ (ವಿಳಾಸ ಹುಡುಕಿ ಕೊಡುವ ಸಾಫ್ಟ್‌ವೇರ್‌ಗಳೂ) ಸಿಕ್ಕಿಬಿದ್ದವು.

2024ರ ಫೆಬ್ರವರಿಯಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಅಥೀನೆ ಸೈಬರ್ ಭದ್ರತಾ ಕೇಂದ್ರದ ಸಂಶೋಧಕರು ಇದನ್ನು ಬಯಲು ಮಾಡಿದರು. ಸುಳ್ಳು ಕೀಲಿ, ಸುಳ್ಳು ಸಹಿ ತುಂಬಿದ ಒಂದು ಪ್ಯಾಕೆಟ್ ಕೊಟ್ಟರೆ ಬೈಂಡ್ 16 ಗಂಟೆ ತಲೆ ಎತ್ತದೆ ಒಂದೊಂದನ್ನೇ ಪರೀಕ್ಷಿಸುತ್ತಿತ್ತು. ಊಟ ಇಲ್ಲ, ನಿದ್ದೆ ಇಲ್ಲ. ಇಷ್ಟು ಪ್ರಾಮಾಣಿಕವಾಗಿ ಯಾವ ಇಲಾಖೆಯಲ್ಲಿ ದಾಖಲೆ ಪರಿಶೀಲನೆ ಆಗುತ್ತದೆ ಹೇಳಿ! ಖಾತ್ರಿಯ ಗೊಡವೆಯೇ ಬೇಡ ಅಂತ ಸಹಿ ನೋಡದೆ ಬಿಟ್ಟ ಸೋಮಾರಿ ಸರ್ವರ್‌ಗಳು ಮಾತ್ರ ಹಾಯಾಗಿದ್ದವು. ಕೊನೆಗೆ ಬಂದ ತಿದ್ದುಪಡಿಯ ಸಾರ ಇಷ್ಟೇ: ಸಾಕಾದಾಗ ಬಿಟ್ಟುಬಿಡು.

ತಿದ್ದುಪಡಿ ಬಂತು ಅಂದಮೇಲೆ ಹಾಕಿಕೊಳ್ಳಬೇಕಲ್ಲ. ಅದಕ್ಕೆ ಮೀಟಿಂಗ್, ಅನುಮತಿ, ‘ಓಡ್ತಿರೋದನ್ನ ಯಾಕೆ ಮುಟ್ತೀರಿ’ ಎಂಬ ಹಿರಿಯರ ಬುದ್ಧಿಮಾತು. ಅಲ್ಲಿಯವರೆಗೆ ದಾಳಿಕೋರರು ಯಾವ ಸರ್ವರ್ ಹಳೆಯದು ಅಂತ ಊಹಿಸುತ್ತಾ ಕೂರಬೇಕಾಗಿಲ್ಲ. ಬೈಂಡ್‌ಗೆ ತನ್ನ ಆವೃತ್ತಿಯನ್ನು ಹೇಳಿಕೊಳ್ಳಲು ಒಂದು ವಿಶೇಷ ಪ್ರಶ್ನೆಯೇ ಇದೆ. ಮೊದಲೇ ಅಡ್ಮಿನ್ ಬಾಯಿ ಮುಚ್ಚಿಸಿಡದಿದ್ದರೆ, ಯಾರು ಕೇಳಿದರೂ ನಿಜವಾದ ನಂಬರನ್ನೇ ಹೇಳುತ್ತದೆ.