ರೇಟ್ ಕೇಳೋಕೆ ಡಿಎಂ ಯಾಕೆ?

ಪಂಚಮಿಗೆ ತಂಗಿ ತವರಿಗೆ ಬರುವವಳಿದ್ದಳು. ನನಗೆ ಜರ್ಮನಿಯಿಂದ ಹೋಗಲು ಆಗುತ್ತಿರಲಿಲ್ಲ. ಸೀರೆಯಾದರೂ ಅಣ್ಣನದಿರಲಿ ಅಂತ ಇಳಕಲ್ ಸೀರೆ ಹುಡುಕಲು ಕೂತೆ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ರೀಲ್ ಸಿಕ್ಕಿತು. ಕೆಂಪು ತೆನಿ ಸೆರಗು, ಚಿಕ್ಕಿ ಪರಾಸ ದಡಿ, ಹಿನ್ನೆಲೆಗೆ ಜಾನಪದ ಹಾಡು. ನೋಡುತ್ತಲೇ ಇರಬೇಕು ಅನ್ನಿಸಿತು. ಕೆಳಗೆ ಜನ ಸಾಲಾಗಿ ಒಂದೇ ಪ್ರಶ್ನೆ ಕೇಳಿದ್ದರು: ‘ರೇಟ್ ಎಷ್ಟ್ರಿ?’ ಎಲ್ಲರಿಗೂ ಒಂದೇ ಉತ್ತರ: ‘ಡಿಎಂ ಮಾಡ್ರಿ.’ ಅಂದರೆ ಬೇರೆಯವರಿಗೆ ಕಾಣದ ಹಾಗೆ ಮೆಸೇಜ್ ಕಳಿಸಿ ಕೇಳಿ ಅಂತ.

ಮಾಡಿದೆ. ಎರಡು ದಿನ ಬಿಟ್ಟು ವಾಟ್ಸಾಪ್ ನಂಬರ್ ಬಂತು. ಅಲ್ಲಿ ರಾಶಿ ಫೋಟೊ ಹಾಕಿದರು. ಯಾವುದು ಹತ್ತಿ, ಯಾವುದು ರೇಷ್ಮೆ, ಯಾವುದು ಕೈಮಗ್ಗದ್ದು, ಯಾವುದು ಪವರ್‌ಲೂಮಿನದು ಅಂತ ಒಂದರ ಕೆಳಗೂ ಬರೆದಿರಲಿಲ್ಲ. ಕೇಳಿದರೆ ‘ಎಲ್ಲಾ ಒರಿಜಿನಲ್ ಅದಾವ್ರಿ ಸರ್’ ಅಂದರು. ಅಂಗಡಿ ಇಳಕಲ್ಲಿನಲ್ಲೇ ಇದೆಯಾ ಅಂದರೆ ಅದಕ್ಕೆ ಉತ್ತರವೇ ಇಲ್ಲ. ದುಡ್ಡು ಹಾಕಲು ಧೈರ್ಯ ಬರಲಿಲ್ಲ. ನಮ್ಮೂರ ಸೀರೆಯನ್ನೇ ನಂಬಿ ಕೊಳ್ಳಲಾಗಲಿಲ್ಲ ಅನ್ನೋದು ಮನಸ್ಸಿಗೆ ಚುಚ್ಚಿತು.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನಲ್ಲಿ. ನಮ್ಮ ಬೀದಿಯಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ ಇದೆ. ಅದರ ಯಜಮಾನರಿಗೆ ಅರವತ್ತು ದಾಟಿರಬಹುದು. ಅವರ ವೆಬ್‌ಸೈಟ್ ನೋಡಲು ಏನೂ ಚೆಂದವಿಲ್ಲ. ಆದರೆ ಟ್ಯೂಬ್ ಬದಲಾಯಿಸಲು ಎಷ್ಟು, ಬ್ರೇಕ್ ಸರಿ ಮಾಡಲು ಎಷ್ಟು, ಎಲ್ಲ ಬರೆದಿದೆ. ಬುಧವಾರ ಮಧ್ಯಾಹ್ನ ಬಂದ್, ಆಗಸ್ಟ್‌ನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಅಂತಲೂ ಇದೆ. ಕೆಳಗೆ ‘ಇಂಪ್ರೆಸ್ಸುಮ್’ ಎಂಬ ಕೊಂಡಿ ಒತ್ತಿದರೆ ಮಾಲೀಕರ ಪೂರ್ತಿ ಹೆಸರು, ವಿಳಾಸ, ಇಮೇಲ್ ಸಿಗುತ್ತದೆ. ಇದು ಇಲ್ಲಿನ ಕಾನೂನು. 2007ರಿಂದ ಒಂದು ಕಾಯ್ದೆಯಲ್ಲಿತ್ತು, 2024ರ ಮೇ ತಿಂಗಳಿಂದ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಇದೆ. ವ್ಯಾಪಾರಕ್ಕೆ ಬಳಸುವ ಇನ್‌ಸ್ಟಾಗ್ರಾಮ್ ಪುಟಕ್ಕೂ ಅನ್ವಯಿಸುತ್ತದೆ. ಭಾಷೆ ಬಾರದೆ ಬಂದಿಳಿದ ದಿನಗಳಲ್ಲಿ ನನಗೆ ಈ ಊರು ಪರಿಚಯವಾಗಿದ್ದೇ ಇಂಥ ಪುಟಗಳಿಂದ. ಯಾರನ್ನೂ ಕೇಳದೆ, ಯಾರ ಉತ್ತರಕ್ಕೂ ಕಾಯದೆ ಎಲ್ಲ ತಿಳಿಯುತ್ತಿತ್ತು.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ರಕ್ಷಣೆ ನಿಯಮಗಳಿವೆ. ಮಾರುವವರು ಹೆಸರು, ವಿಳಾಸ ಕೊಡಬೇಕು. ಆದರೆ ರೀಲಿನಲ್ಲಿ ಸೀರೆ ಮಾರುವವರಲ್ಲಿ ವಿಳಾಸ ಬರೆದವರು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ರೀಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಸಂತೆಯಲ್ಲಿ ಕೂಗಿದ ಹಾಗೆ, ಜನ ತಿರುಗಿ ನೋಡುತ್ತಾರೆ. ನೋಡಿದ ಮೇಲೆ ಹೋಗಲು ಒಂದು ಅಂಗಡಿ ಬೇಕಲ್ವಾ? ಈ ವಾರ ಕಂಡ ರೀಲ್ ಮುಂದಿನ ವಾರ ಹುಡುಕಿದರೆ ಸುಲಭಕ್ಕೆ ಸಿಗಲ್ಲ. ಖಾತೆ ಇಲ್ಲದ ನಮ್ಮವ್ವನಂಥವರಿಗೆ ಆ ಪುಟ ಸರಿಯಾಗಿ ತೆರೆಯುವುದೂ ಇಲ್ಲ, ‘ಲಾಗಿನ್ ಆಗಿ’ ಅನ್ನುತ್ತದೆ. ಪುಟದ ಹಿಡಿತವೂ ನಮ್ಮ ಕೈಯಲ್ಲಿಲ್ಲ. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನೆಚ್ಚಿಕೊಂಡವರ ಗಿರಾಕಿಗಳೆಲ್ಲ ರಾತ್ರೋರಾತ್ರಿ ಕೈಬಿಟ್ಟು ಹೋದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ನಿಂತಿದ್ದವು. ಸ್ವಂತ ವೆಬ್‌ಸೈಟ್‌ಗೆ ಲಕ್ಷಗಟ್ಟಲೆ ಬೇಕಾಗಿಲ್ಲ. ‘ಡಾಟ್ ಇನ್’ ಅಂತ ಮುಗಿಯುವ ವೆಬ್‌ಸೈಟ್ ಹೆಸರು ವರ್ಷಕ್ಕೆ ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಹೆಸರೂ ಇದೆ.

ಇಳಕಲ್ ಸೀರೆಗಂತೂ ಇದು ಜಾಸ್ತಿ ಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಅನ್ನುತ್ತಾರೆ. ಸೀರೆಯ ಮೈಯ ಹತ್ತಿ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೆಲಸವನ್ನು ಅರ್ಧ ನಿಮಿಷದ ವಿಡಿಯೊದಲ್ಲಿ ಯಾರು ಗಮನಿಸುತ್ತಾರೆ? ಇಂಥ ಊರಿನದೇ ವಿಶೇಷ ಅಂತ ಗುರುತಿಸುವ ಜಿಐ ಮಾನ್ಯತೆ ಇರುವ ಸೀರೆ ಇದು. ಪವರ್‌ಲೂಮಿನದು ಅದೇ ಹೆಸರಲ್ಲಿ ಅಗ್ಗಕ್ಕೆ ಸಿಗುವಾಗ, ಕೈಯಲ್ಲಿ ನೇದವರು ತಮ್ಮ ಸೀರೆಗೆ ಯಾಕೆ ಹೆಚ್ಚು ಬೆಲೆ ಅಂತ ಬರೆದಿಡಬೇಕು. ಬರೆಯದಿದ್ದರೆ ಗಿರಾಕಿ ಬೆಲೆಯನ್ನಷ್ಟೇ ನೋಡುತ್ತಾನೆ.

ಕೊನೆಗೆ ಚಿಕ್ಕಪ್ಪನ ಪರಿಚಯದ ನೇಕಾರರೊಬ್ಬರು ಸಿಕ್ಕರು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಬೀದಿಯ ಸೈಕಲ್ ಅಂಗಡಿಯವರು ಸಂಜೆ ಆರರ ಮೇಲೆ ಫೋನ್ ಎತ್ತುವುದಿಲ್ಲ. ಈ ನೇಕಾರರು ರಾತ್ರಿ ಹತ್ತಕ್ಕೆ ವಾಯ್ಸ್ ಮೆಸೇಜ್ ಕಳಿಸಿದರು: ‘ಅಣ್ಣಾರ, ಇದು ನಮ್ಮವ್ವ ನೇದ ಸೀರಿ. ಮೈ ಹತ್ತಿ, ಸೆರಗು ರೇಷ್ಮಿ. ಮೊದ್ಲ ಸಲ ಒಗಿಬೇಕಾದ್ರ ಬ್ಯಾರೆ ಒಗೀರಿ, ಬಣ್ಣ ಬಿಡ್ತೈತಿ.’ ಇಷ್ಟು ನೇರವಾದ ಮಾತು ಇಲ್ಲಿನ ಯಾವ ವೆಬ್‌ಸೈಟ್‌ನಲ್ಲೂ ನಾನು ಓದಿಲ್ಲ. ಬೆಲೆ ಬರೆದರೆ ಪಕ್ಕದ ಅಂಗಡಿಯವನು ನೂರು ಕಡಿಮೆ ಹೇಳುತ್ತಾನೆ ಅನ್ನುವ ಅವರ ಹೆದರಿಕೆಯೂ ಸುಳ್ಳಲ್ಲ.

ಆದರೆ ಆ ಮಾತು ಈಗ ನನ್ನ ಫೋನಿನಲ್ಲಿ ಮಾತ್ರ ಇದೆ. ಇಳಕಲ್ ಸೀರೆ ಉಡುವವರು ಮಹಾರಾಷ್ಟ್ರದಲ್ಲೂ ತುಂಬ ಜನ ಇದ್ದಾರೆ. ಸೊಲ್ಲಾಪುರದಲ್ಲೋ ಪುಣೆಯಲ್ಲೋ ಕೂತು ಹುಡುಕುವವರಿಗೆ ನಮ್ಮ ಚಿಕ್ಕಪ್ಪ ಎಲ್ಲಿ ಸಿಗುತ್ತಾರೆ? ಅವ್ವನ ಹೆಸರು, ಮಗ್ಗದ ಒಂದು ಫೋಟೊ, ಒಗೆಯುವ ರೀತಿ, ಬೆಲೆ, ಮನೆಯ ವಿಳಾಸ ಹಾಕಿ ಒಂದು ಪುಟ ಮಾಡೋಣ ಅಂತ ಆ ನೇಕಾರರಿಗೆ ಹೇಳಿದ್ದೇನೆ. ‘ಬೆಲೆ ಒಂದು ಬಿಟ್ಟು ಉಳದದ್ದು ಹಾಕೂಣ್ರಿ’ ಅಂದಿದ್ದಾರೆ. ಬೆಲೆಯನ್ನೂ ಹಾಕಿ ಅಂತ ನಾನು ಕೇಳುತ್ತಲೇ ಇದ್ದೇನೆ.