ಬಾಡಿಗೆ ಸೈಕಲ್ಲಿನ ಬುಟ್ಟಿ ಪುರಾಣ

ಗುರುತಿಲ್ಲದ ಹುಡುಗನ ಕೈಗೆ ವಸ್ತು ಕೊಟ್ಟು ಕೆಟ್ಟವರ ಕಥೆ ಗೋಕರ್ಣಕ್ಕೆ ಹೊಸದಲ್ಲ. ಸಂಜೆಯಾಯಿತು ಅಂತ ರಾವಣ ಆತ್ಮಲಿಂಗವನ್ನು ದನ ಕಾಯೋ ಹುಡುಗನಿಗೆ ಕೊಟ್ಟು ಸಂಧ್ಯಾವಂದನೆಗೆ ಹೋದ. ಹುಡುಗ ಮೂರು ಸಲ ಕೂಗಿ ಲಿಂಗವನ್ನು ನೆಲಕ್ಕಿಟ್ಟ. ಅವನು ಗಣಪತಿ ಅಂತ ಗೊತ್ತಾಗುವ ಹೊತ್ತಿಗೆ ಕೆಲಸ ಮುಗಿದಿತ್ತು. ಕಳೆದ ವಾರ ಅದೇ ಊರಿನ ಸೈಕಲ್ ಅಂಗಡಿಯ ಹುಡುಗ ನನ್ನ ಕೈಯಿಂದ ಒರಿಜಿನಲ್ ಆಧಾರ್ ಕಾರ್ಡ್, ಮೇಲೆ ಸಾವಿರ ರೂಪಾಯಿ ಡಿಪಾಸಿಟ್ ಇಸ್ಕೊಂಡ. ಜೆರಾಕ್ಸ್ ನಡೆಯೋದಿಲ್ಲವಂತೆ. ರಾವಣನಿಂದ ಕನಿಷ್ಠ ಸೈಕಲ್ಲಿನ ವಿಡಿಯೊಗೆ ಪೋಸ್ ಕೊಡಿಸಿರಲಿಲ್ಲ. ನನ್ನಿಂದ ಅದನ್ನೂ ಮಾಡಿಸಿದ.

ಗೋಕರ್ಣಕ್ಕೆ ಹೋಗ್ತೀನಿ ಅಂದ್ರೆ ಸಾಕು, ಎಲ್ಲರದೂ ಒಂದೇ ಸಲಹೆ. ‘ಸಣ್ಣ ಊರು ಅಲ್ವಾ, ಸೈಕಲ್ಲಲ್ಲಿ ಸುತ್ತಿ, ಎಷ್ಟು ಚೆಂದ!’ ಹೀಗೆ ಹೇಳುವವರೆಲ್ಲ ಅಲ್ಲಿ ಸ್ಕೂಟರಿನಲ್ಲಿ ಓಡಾಡಿ ಬಂದವರು. ನಮ್ಮವರಿಗೆ ಮಂಡಿ ನೋವು. ಅದು ಸೈಕಲ್ ಅಂದಾಗ ಮಾತ್ರ ಬರುತ್ತದೆ. ಪೇಪರ್ ಹಿಡಿದು ರೂಮಿನಲ್ಲೇ ಉಳಿದರು. ನಾನೊಬ್ಬಳೇ ಹೊರಟೆ.

ಅಂಗಡಿ ಮುಂದೆ ಸ್ಕೂಟರುಗಳು ತೊಳೆದು ಒರೆಸಿ ಸಾಲಾಗಿ ನಿಂತಿದ್ದವು. ಸೈಕಲ್ಲುಗಳು ಹಿಂದುಗಡೆ ತಗಡಿನ ಚಪ್ಪರದ ಕೆಳಗೆ, ಎಲ್ಲಕ್ಕೂ ಸೇರಿ ಒಂದೇ ಸರಪಳಿ.

‘ಗೇರ್ ಸೈಕಲ್ ಇದೆಯಾ?’

‘ಉಂಟು ಮೇಡಂ. ಟೈರ್ ಇಲ್ಲ.’

ಕೊನೆಗೆ ಸಿಕ್ಕಿದ್ದು ಮುಂದೆ ತಂತಿ ಬುಟ್ಟಿ ಇರುವ ಒಂದು ಲೇಡೀಸ್ ಸೈಕಲ್. ಒಂದು ಕಾಲಕ್ಕೆ ಗುಲಾಬಿ ಬಣ್ಣದ್ದಿರಬೇಕು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಉಳಿಯೋದೇ ಕಷ್ಟ, ಇನ್ನು ಬಣ್ಣ ಎಲ್ಲಿಂದ ಉಳಿಯಬೇಕು? ಹುಡುಗ ಮೊಬೈಲ್ ತೆಗೆದ. ‘ವಿಡಿಯೊ ಮಾಡ್ಬೇಕು ಮೇಡಂ. ಆಮೇಲೆ ತಕರಾರು ಬೇಡ.’

ಕಾರು ಬಾಡಿಗೆಗೆ ಕೊಡುವವರು ಹೀಗೆ ಮಾಡೋದು ನೋಡಿದ್ದೇನೆ. ಆದರೆ ಮೈಯೆಲ್ಲ ಗೀರೇ ಆಗಿರುವ ಸೈಕಲ್ಲಿನಲ್ಲಿ ಗೀರು ಹುಡುಕುವ ಶ್ರದ್ಧೆ ಇದೆಯಲ್ಲ, ಅದು ದೊಡ್ಡದು. ಮುಂದಿನ ಮಡ್‌ಗಾರ್ಡಿನಿಂದ ಶುರು ಮಾಡಿದ. ಜೊತೆಗೆ ಕಾಮೆಂಟರಿ. ‘ಇಲ್ಲಿ ಒಂದು ಗೀರು. ಇಲ್ಲಿ ತುಕ್ಕು. ಇಲ್ಲಿ ಮತ್ತೊಂದು ಗೀರು.’ ಚೈನ್ ಕವರ್ ಹತ್ತಿರ ಬಂದಾಗ ಅನುಮಾನ ಬಂತು. ‘ಇದು ಗೀರಾ, ತುಕ್ಕಾ ಮೇಡಂ?’ ನಾನೂ ಬಗ್ಗಿ ನೋಡಿದೆ. ತುಕ್ಕು ಅಂತ ಇಬ್ಬರೂ ತೀರ್ಮಾನಕ್ಕೆ ಬಂದೆವು. ಆಮೇಲೆ ‘ಸ್ವಲ್ಪ ಎತ್ತಿ ಹಿಡೀರಿ, ಅಡಿಭಾಗ ತೋರಿಸ್ಬೇಕು’ ಅಂದ. ಎತ್ತಿ ಹಿಡಿದೆ. ಅಷ್ಟರಲ್ಲಿ ಯಾರದೋ ಫೋನ್ ಬಂತು, ವಿಡಿಯೊ ನಿಂತಿತು. ಮತ್ತೆ ಮಡ್‌ಗಾರ್ಡಿನಿಂದ. ಇಲ್ಲಿ ಒಂದು ಗೀರು, ಇಲ್ಲಿ ತುಕ್ಕು. ನನ್ನ ಹಿಂದೆ ಬಂದ ಬೆಂಗಳೂರಿನ ಹುಡುಗರು ಸ್ಕೂಟರ್ ತಗೊಂಡು, ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ಹೋಗಿಯೂ ಆಯಿತು. ನಮ್ಮದು ಇನ್ನೂ ಕ್ಯಾರಿಯರ್ ತನಕ ಬಂದಿತ್ತು. ಮದುವೆ ವಿಡಿಯೊದವರೂ ನನ್ನನ್ನು ಇಷ್ಟು ಹೊತ್ತು ನಿಲ್ಲಿಸಿರಲಿಲ್ಲ.

ಕೊನೆಯಲ್ಲಿ ಕ್ಯಾಮೆರಾ ನನ್ನ ಮುಖಕ್ಕೆ ತಿರುಗಿತು. ಹೆಸರು ಹೇಳಬೇಕು, ‘ಸೈಕಲ್ ಸರಿಯಾಗಿದೆ’ ಅಂತ ಹೇಳಬೇಕು. ನಾನು ಹಿಂದಿನ ಬ್ರೇಕ್ ಒತ್ತಿ ನೋಡಿದೆ. ಲಿವರ್ ಹ್ಯಾಂಡಲ್ಲಿಗೆ ಬಂದು ತಾಗಿತು, ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

‘ಬ್ರೇಕೇ ಹಿಡೀತಿಲ್ಲವಲ್ಲೋ?’

‘ಅದು ವಿಡಿಯೊದಲ್ಲಿ ಬರೂದಿಲ್ಲ ಮೇಡಂ.’

ಸರಿ, ಓಂ ಬೀಚಿಗೆ ಅಂತ ಹೊರಟೆ. ಕರಾವಳಿ ಅಂದರೆ ಸಪಾಟು ಅನ್ನೋದು ನಮ್ಮ ಬಯಲುಸೀಮೆಯವರ ಭ್ರಮೆ. ಊರಿಗೂ ಕುಡ್ಲೆ, ಓಂ ಬೀಚುಗಳಿಗೂ ನಡುವೆ ಚಿರೇಕಲ್ಲಿನ ಗುಡ್ಡ ಅಡ್ಡ ಮಲಗಿದೆ. ಏರು ಶುರುವಾದದ್ದೇ ತಡ, ಸೀಟು ಕೆಳಗೆ ಇಳಿಯತೊಡಗಿತು. ಒಂದೇ ಸಲ ಕುಸಿದಿದ್ದರೆ ಇಳಿದುಬಿಡುತ್ತಿದ್ದೆ. ಇದು ಹಾಗಲ್ಲ, ಪೆಡಲ್ ತುಳಿದಾಗೊಮ್ಮೆ ಒಂದಿಷ್ಟೇ ಇಷ್ಟು. ಗುಡ್ಡ ದೊಡ್ಡದಾಗ್ತಿದೆ ಅಂದುಕೊಂಡಿದ್ದೆ. ಅರ್ಧ ದಾರಿಯಲ್ಲಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿದಾಗಲೇ ಗೊತ್ತಾದದ್ದು, ನಾನು ಚಿಕ್ಕವಳಾಗ್ತಿದ್ದೇನೆ ಅಂತ. ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋದ ಹುಡುಗಿ ಹೆಬ್ಬೆರಳೆತ್ತಿ ‘ಆಂಟಿ, ಸೂಪರ್!’ ಅಂದಳು. ಆ ಸೂಪರ್ ಬೇಕಿರಲಿಲ್ಲ.

ಇಳಿದು, ಎರಡೂ ಕೈಯಲ್ಲಿ ಸೀಟು ಹಿಡಿದು ಎಳೆದೆ. ಕಾಲು ಕೊಟ್ಟು ಎಳೆದೆ. ಬೆವರು ಕಣ್ಣಿಗಿಳಿಯಿತೇ ಹೊರತು ಸೀಟು ಅಲ್ಲಾಡಲಿಲ್ಲ. ರಾವಣನ ನೆನಪಾಯಿತು. ಈ ಊರಿನಲ್ಲಿ ಕೆಳಗೆ ಇಳಿದದ್ದು ಮತ್ತೆ ಮೇಲೆ ಬರೋದಿಲ್ಲ.

ಓಂ ಬೀಚಿಗೆ ಅಲ್ಲಿಂದಲೇ ಕೈಮುಗಿದು ತಿರುಗಿಸಿದೆ. ಇಳಿಜಾರಿನಲ್ಲಿ ನನ್ನನ್ನು ಕಾಪಾಡಿದ್ದು ಮುಂದಿನ ಬ್ರೇಕು ಮತ್ತು ಎಡಗಾಲಿನ ಚಪ್ಪಲಿ. ಚಪ್ಪಲಿಯ ಹಿಮ್ಮಡಿ ಸವೆದ ಲೆಕ್ಕಕ್ಕೆ ನಾನು ಯಾರ ಹತ್ತಿರ ವಿಡಿಯೊ ತೋರಿಸಬೇಕು?

ಸಾಣಿಕಟ್ಟಾದ ದಾರಿ ಮಾತ್ರ ನಿಜಕ್ಕೂ ಸಪಾಟು. ಆ ಕಡೆ ಉಪ್ಪಿನ ಆಗರಗಳಿವೆ. ಮಣ್ಣಿನ ಬದು ಕಟ್ಟಿದ ಚೌಕ ಚೌಕದ ಗದ್ದೆ, ಭತ್ತದ ಬದಲು ಉಪ್ಪುನೀರು. ಬಿಸಿಲು ನೀರು ಕುಡಿಯುತ್ತದೆ, ಉಪ್ಪು ಉಳಿಯುತ್ತದೆ. ಉದ್ದ ಕೋಲಿಗೆ ಹಲಗೆ ಕಟ್ಟಿಕೊಂಡು ಜನ ಅದನ್ನು ಬದುವಿಗೆ ಎಳೆಯುತ್ತಿದ್ದರು. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ಟಿನ ಬಿಳಿ ಅಲ್ಲ ಅದು, ಸ್ವಲ್ಪ ಬೂದಿ ಕಲೆಸಿದ ಬಿಳಿ. ಮಳೆಗಾಲದಲ್ಲಿ ಇದೆಲ್ಲ ನೀರಿನ ಪಾಲು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ತಗ್ಗಿನ ಸೀಟು, ಅಗಲಕ್ಕೆ ಹೋದ ಮೊಣಕಾಲು. ಪರವಾಗಿಲ್ಲ, ಸೈಕಲ್ ಓಡ್ತಿದೆಯಲ್ಲ ಅನ್ನಿಸಿತು.

ಹೀಗೆ ಕೂತು ಸೈಕಲ್ ತುಳಿದದ್ದು ಅರಸೀಕೆರೆಯಲ್ಲಿ, ಹೈಸ್ಕೂಲಿಗೂ ಮುಂಚೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಗಂಟೆಗೆ ಒಂದು ರೂಪಾಯಿ, ಅರ್ಧ ಗಂಟೆಗೆ ಎಂಟಾಣೆ. ಮಡ್‌ಗಾರ್ಡ್ ಮೇಲೆ ಪೇಂಟಿನಲ್ಲಿ ನಂಬರ್. ಅಂಗಡಿಯವರು ಗೋಡೆ ಗಡಿಯಾರ ನೋಡಿ, ನೋಟ್ ಬುಕ್ಕಿನಲ್ಲಿ ನಂಬರ್ ಬರೆದು, ‘ಮೇಷ್ಟ್ರ ಮಗಳಲ್ವಾ, ತಗೊಂಡ್ಹೋಗು’ ಅನ್ನುತ್ತಿದ್ದರು. ಡಿಪಾಸಿಟ್ ಅಂದ್ರೆ ಅಪ್ಪನೇ. ಬಿದ್ದು, ಹ್ಯಾಂಡಲ್ ಸೊಟ್ಟ ಮಾಡಿಕೊಂಡು, ಅಳುಮುಖ ಹೊತ್ತು ವಾಪಸ್ ಹೋದರೆ ಬೈಗುಳವಿಲ್ಲ. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಹ್ಯಾಂಡಲ್ಲನ್ನು ಒಂದೇ ಸಲ ತಿರುವುತ್ತಿದ್ದರು. ಟಕ್ ಅಂತ ನೆಟ್ಟಗಾಗುತ್ತಿತ್ತು. ಆಮೇಲೆ ನನ್ನ ಮೊಣಕಾಲು ನೋಡಿ, ‘ಮಣ್ಣು ತೊಳ್ಕೊ, ಆ ಕೊಡದಲ್ಲಿ ನೀರಿದೆ.’ ಅವರ ಕೈಯಲ್ಲಿ ಯಾವಾಗಲೂ ಇರುತ್ತಿದ್ದ ಗ್ರೀಸಿನ ವಾಸನೆ ಸಾಣಿಕಟ್ಟಾದ ಗಾಳಿಯಲ್ಲಿ ಸುಮ್ನೆ ಬಂದ ಹಾಗಾಯಿತು.

ಇದೆಲ್ಲ ಚೆನ್ನಾಗಿಯೇ ಮುಗಿಯಬೇಕಿತ್ತು. ರಥಬೀದಿಯಲ್ಲಿ ಹಾಲಕ್ಕಿ ಅಜ್ಜಿಯೊಬ್ಬರು ಹರಿವೆ ಸೊಪ್ಪು, ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದರು. ಕುತ್ತಿಗೆ ತುಂಬ ಮಣಿಸರ. ಸೊಪ್ಪು ನೋಡಿದರೆ ಬಿಡುವವಳಲ್ಲ ನಾನು. ಲಾಡ್ಜಿನ ರೂಮಿನಲ್ಲಿ ಹರಿವೆ ಸೊಪ್ಪು ಏನು ಮಾಡ್ತೀಯಾ ಅಂತ ಕೇಳಬೇಡಿ, ಅದನ್ನು ನಮ್ಮವರು ಆಗಲೇ ಕೇಳಿ ಆಗಿದೆ. ಎರಡು ಕಟ್ಟು ಸೊಪ್ಪು, ಒಂದು ಚಿಪ್ಪು ಬಾಳೆಹಣ್ಣು ಬುಟ್ಟಿಗೆ ಹಾಕಿ ಚಿಲ್ಲರೆಗೆ ಪರ್ಸ್ ತೆಗೆದೆ.

ರಥಬೀದಿಯ ಹಸುಗಳಿಗೆ ಯಾರ ಹೆದರಿಕೆಯೂ ಇಲ್ಲ. ಬೀದಿ ಅವುಗಳದ್ದು, ನಾವು ಬಂದು ಹೋಗುವವರು. ಒಂದು ಕಂದು ಹಸು ಬಂದು ಬುಟ್ಟಿಯೊಳಗೆ ಮುಖ ಇಟ್ಟಿತು. ‘ಹೇ, ಹೇ!’ ಅಂದೆ. ಅದು ಗಾಬರಿಯಾಗಲಿಲ್ಲ, ನಿಧಾನವಾಗಿ ತಲೆ ಎತ್ತಿತು. ತಲೆಯ ಜೊತೆ ಬುಟ್ಟಿಯೂ ಎದ್ದಿತು, ಬುಟ್ಟಿಯ ಜೊತೆ ಮುಂದಿನ ಚಕ್ರವೂ ಎದ್ದಿತು. ಕೊಂಬು ತಂತಿಗೆ ಸಿಕ್ಕಿಕೊಂಡಿತ್ತು. ಶಿವರಾತ್ರಿಗೆ ತೇರು ಎಳೆಯುವ ಬೀದಿಯಲ್ಲಿ ಹಸು ನನ್ನ ಸೈಕಲ್ ಎಳೆಯಿತು. ನಾನು ಹಿಂದಿನಿಂದ ಕ್ಯಾರಿಯರ್ ಹಿಡಿದು ಜಗ್ಗುತ್ತಿದ್ದೆ. ಬಾಯಲ್ಲಿ ಸೊಪ್ಪು ಇದ್ದದ್ದರಿಂದ ಹಸುವಿಗೆ ಯಾವ ಅವಸರವೂ ಇರಲಿಲ್ಲ.

ಅದೇ ಹೊತ್ತಿಗೆ ಮಹಾಬಲೇಶ್ವರನ ದರ್ಶನ ಮುಗಿಸಿ ಒಂದು ಸಂಸಾರ ಬಂತು. ಅಂಗಿ ಹೆಗಲ ಮೇಲೆ ಹಾಕಿಕೊಂಡಿದ್ದ ಯಜಮಾನರು ನಿಂತು, ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೆಂಡತಿಯೂ ಒತ್ತಿಕೊಂಡರು. ಮಗುವಿನ ಕೈಯನ್ನೂ ಮುಟ್ಟಿಸಿದರು. ನಾನು ಮತ್ತು ಸೈಕಲ್ಲು ಹಸುವಿನ ಒಡವೆ ಅಂದುಕೊಂಡರೋ ಏನೋ, ಮೂವರಿಗೂ ಕಾಣಿಸಲೇ ಇಲ್ಲ. ಜಟೆ ಬಿಟ್ಟ ಫಾರಿನ್ನಿನವನೊಬ್ಬ ಮಾತ್ರ ನೋಡಿದ. ನೋಡಿ, ಮೊಬೈಲ್ ತೆಗೆದು ವಿಡಿಯೊ ಶುರು ಮಾಡಿದ. ಆ ದಿನ ಊರಿಗೆ ಊರೇ ನನ್ನ ವಿಡಿಯೊ ಮಾಡಲು ತೀರ್ಮಾನಿಸಿತ್ತು.

ಕೊನೆಗೆ ಎದ್ದು ಬಂದವರು ಅಜ್ಜಿಯೇ. ಹಸುವಿನ ಮೂಗಿನ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ, ಕೊಂಬನ್ನು ಓರೆ ಮಾಡಿ ಬಿಡಿಸಿದರು. ಆಮೇಲೆ ಇನ್ನೆರಡು ಕಟ್ಟು ಸೊಪ್ಪು ಮಾರಿದರು.

ಅಂಗಡಿಯಲ್ಲಿ ಹುಡುಗ ಸೈಕಲ್ಲಿಗೆ ಒಂದು ಸುತ್ತು ಹಾಕಿ ಬುಟ್ಟಿಯ ಮುಂದೆ ನಿಂತ. ‘ಬುಟ್ಟಿ ಸೊಟ್ಟ ಆಗಿದೆ. ಮುನ್ನೂರು ಆಗ್ತದೆ ಮೇಡಂ.’

‘ಹಸು ಎಳೀತಪ್ಪ.’

‘ಹೌದು, ಆ ಕಂದು ದನ ಎಲ್ಲರದ್ದೂ ಎಳೀತದೆ.’

ಹಾಗಾದ್ರೆ ಎಲ್ಲರ ಹತ್ತಿರವೂ ಮುನ್ನೂರು ವಸೂಲಿ! ನನಗೆ ಪಿತ್ತ ನೆತ್ತಿಗೇರಿತು. ಬ್ರೇಕಿಲ್ಲ, ಸೀಟು ನಿಲ್ಲೋದಿಲ್ಲ, ಅದಕ್ಕೆ ನನಗೆ ಯಾರು ದುಡ್ಡು ಕೊಡ್ತಾರೆ? 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಜಿಲ್ಲೆ ಇದು. ಬುಟ್ಟಿಗಾಗಿ ನಾನೂ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ‘ನಿನ್ನ ವಿಡಿಯೊ ಹಾಕು, ನೋಡೋಣ’ ಅಂದೆ.

ಹಾಕಿದ. ಇಲ್ಲಿ ಒಂದು ಗೀರು. ಇಲ್ಲಿ ತುಕ್ಕು. ಇಬ್ಬರೂ ತಲೆ ತಾಗಿಸಿಕೊಂಡು ನೋಡಿದೆವು. ಗೀರಾ, ತುಕ್ಕಾ ಚರ್ಚೆಯೂ ಬಂತು. ಸೈಕಲ್ ಎತ್ತಿ ಹಿಡಿದು ಏದುಸಿರು ಬಿಡುವ ನನ್ನ ಸದ್ದೂ ಬಂತು. ಬುಟ್ಟಿಯ ಸರದಿ ಬಂದಾಗ ಪರದೆಯ ಮೇಲೆ ಕಾಣಿಸಿದ್ದು ಕೆಂಪಗೆ ಹೊಳೆಯುವ ದೊಡ್ಡದೊಂದು ಬೆರಳು. ಅವನದೇ. ‘ಬುಟ್ಟಿ ಓಕೆ’ ಅಂತ ದನಿ ಕೇಳುತ್ತದೆ, ಬುಟ್ಟಿ ಮಾತ್ರ ಎಲ್ಲೂ ಇಲ್ಲ.

ನಾನು ಏನೂ ಹೇಳಲಿಲ್ಲ. ಅವನ ಮುಖ ನೋಡಿದೆ ಅಷ್ಟೇ.

‘ಅರ್ಧ ಕೊಡಿ ಮೇಡಂ’ ಅಂದ. ‘ಎಂತ ಮಾಡೂದು, ಸೇಠ್ ನನಗೆ ಬೈತಾರೆ.’

ಸೇಠ್ ಬೈಗುಳಕ್ಕೆ 150 ರೂಪಾಯಿ ಕಳೆದು, ಉಳಿದ ಡಿಪಾಸಿಟ್ಟನ್ನೂ ಆಧಾರ್ ಕಾರ್ಡನ್ನೂ ಕೊಟ್ಟ. ನಾನು ಕಾರ್ಡನ್ನು ಪರ್ಸಿಗೆ ಹಾಕಿಕೊಳ್ಳುತ್ತಾ ಇರುವಾಗಲೇ ಅವನು ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು, ಬುಟ್ಟಿಯ ಎರಡೂ ಅಂಚು ಹಿಡಿದು ಒಂದು ಸಲ ತಿರುವಿದ. ಬುಟ್ಟಿ ನೆಟ್ಟಗಾಯಿತು. ಹೊರಗೆ ಒಬ್ಬ ಗಂಡ, ಒಬ್ಬಳು ಹೆಂಡತಿ ಕಾಯುತ್ತಾ ನಿಂತಿದ್ದರು. ಹುಡುಗ ಮೊಬೈಲ್ ತೆಗೆದ.

‘ಬುಟ್ಟಿ ಸರೀ ನೋಡ್ಕೊಳ್ಳಿ ಸರ್’ ಅಂದ. ‘ಹೊಸದು.’